ಹರಿಯದ ಕವರು

ಹೋದ ವಾರ ಮಾಣಿಕನಗರದ ನನ್ನ ಆಟಿಕೆ ಅಂಗಡಿಗೆ ಗುಜರಿಯವನೊಬ್ಬ ಒಂದು ಪೆಟ್ಟಿಗೆ ತಂದ. ಮುಚ್ಚಿಹೋದ ಅಂಗನವಾಡಿಯ ಸಾಮಾನು. ಒಳಗೆ ಬಣ್ಣದ ಮರದ ತುಂಡುಗಳು, ಮೇಲೆ ನಮ್ಮಂಗಡಿಯ ಚೀಟಿ. ಪ್ಲಾಸ್ಟಿಕ್ ಕವರು ಇನ್ನೂ ಹರಿದಿರಲಿಲ್ಲ. ಒಂದು ಮೂಲೆ ಮಾತ್ರ ಸಡಿಲಾಗಿತ್ತು. ಮೂಗಿಗೆ ಹಿಡಿದೆ. ಎಂಟು ವರ್ಷ ಕಳೆದರೂ ಹೊಸ ಬಣ್ಣದ ವಾಸನೆ ಹಾಗೇ ಇತ್ತು...

ಮಂಠಾಳದ ಆಚೆಯ ಸಣ್ಣ ಹಳ್ಳಿಯ ಅಂಗನವಾಡಿ ಅದು. ನಡೆಸುತ್ತಿದ್ದವರನ್ನು ಊರೆಲ್ಲ ಅಕ್ಕೋರು ಅನ್ನುತ್ತಿತ್ತು. ಸಹಾಯಕಿಯ ಜಾಗ ಖಾಲಿ, ಇದ್ದದ್ದು ಒಂದೇ ಕೋಣೆ. ಮೂಲೆಯಲ್ಲಿ ಒಲೆ, ಮೂರು ಮೊಳ ದೂರದಲ್ಲಿ ಕೂಲಿಗೆ ಹೋದವರ ಮಕ್ಕಳು. ಬೇಳೆ ಕುದಿಯುವಾಗ ಅಕ್ಕೋರು ಅಡ್ಡಕ್ಕೆ ಒಂದು ಬೆಂಚು ಮಲಗಿಸಿ, ಅದರ ಮುಂದೆ ನಿಂತೇ ಹಾಡು ಹೇಳಿಸುತ್ತಿದ್ದರು. ಆಟಕ್ಕೆ ಜೋಳದ ದಂಟಿನ ಬಂಡಿಗಳು, ಹಳೇ ಸೀರೆಯ ಗೊಂಬೆಗಳು. ಎಲ್ಲ ಅವರೇ ಮಾಡಿದವು.

ಆ ವರ್ಷ ಇಲಾಖೆಯಿಂದ ಒಂದು ಸುದ್ದಿ ಬಂತು. ಚೆನ್ನಾಗಿ ನಡೆಯುವ ಒಂದು ಅಂಗನವಾಡಿಯನ್ನು ಆರಿಸಿ ಅದಕ್ಕೆ ಬೇರೆ ಅಡುಗೆ ಕೋಣೆ ಕಟ್ಟಿಸಿಕೊಡುತ್ತಾರೆ ಅಂತ. ಆಟಿಕೆ ಪೆಟ್ಟಿಗೆ ಇಳಿಸಲು ಹೋದ ನನ್ನನ್ನು ಅಕ್ಕೋರು ತಡೆದು ಕೇಳಿದರು.

“ಸಾವ್ಕಾರ್ರ, ನೀವು ಹತ್ತ ಕಡೆ ತಿರುಗೋರು. ಆ ಖೋಲಿ ನಮಗ ಸಿಗಬೇಕಂದ್ರ ಏನ್ ಮಾಡ್ಲಿ ಹೇಳ್ರಿ.”

ತಲೆಯ ಮೇಲೆ ಬುಟ್ಟಿ ಹೊತ್ತು ಪೀಪಿ ಮಾರಿ ಮೇಲೆ ಬಂದವನು ನಾನು. ಕೇಳದಿದ್ದರೂ ಸಲಹೆ ಕೊಡುತ್ತೇನೆ, ಕೇಳಿದರೆ ಬಿಡುತ್ತೇನೆಯೇ?

“ಮದಲ ಈ ದಂಟು, ಚಿಂದಿ ಕಚರಾ ತಗೀರಿ, ಅಕ್ಕೋರೆ. ಪೆಟ್ಟಿಗಿ ಕವರ್ ಹರೀಬ್ಯಾಡ್ರಿ. ತಪಾಸಣಿಗೆ ಮೇಡಂ ಬಂದ ದಿನ ಮಾಲು ಹೊಸಾದು ಕಾಣಬೇಕು.”

“ಆಡೂ ಸಾಮಾನು ಮುಟ್ಟದಂಗ ಹ್ಯಾಂಗ ಇಡ್ಲಿರಿ?”

“ನಿಮ್ಮ ಮನ್ಯಾಗ ಟಿವಿ ರಿಮೋಟಿನ ಕವರ್ ತಗದೀರೇನು?”

ಅಕ್ಕೋರು ನಕ್ಕುಬಿಟ್ಟರು. ದಂಟಿನ ಬಂಡಿ, ಗೊಂಬೆಗಳು ಅಂದೇ ಒಲೆಗೆ ಹೋದವು. ಒಣಗಿದ ದಂಟು, ಚೆನ್ನಾಗಿ ಉರಿಯಿತು.

ಎರಡು ತಿಂಗಳು ಮಕ್ಕಳು ಕಪಾಟಿನ ಪೆಟ್ಟಿಗೆಗಳನ್ನು ನೋಡಿದರು, ಅಷ್ಟೇ. ಯಾರ ಕೈಯಾದರೂ ಮುಂದೆ ಬಂದರೆ ಅಕ್ಕೋರು “ಮುಟ್ಟಬ್ಯಾಡ, ಕೈ ಹಿಂದ ಕಟ್ಟು” ಅನ್ನುತ್ತಿದ್ದರಂತೆ. ತಪಾಸಣೆಯ ದಿನ ನಾನೂ ಹೋಗಿದ್ದೆ, ಮುಂದಿನ ಆರ್ಡರಿನ ಆಸೆಗೆ. ಮೇಡಂ ಬಂದವರೇ ಒಂದು ಕವರನ್ನು ಪರ್ರನೆ ಹರಿದು, ಕೆಂಪು ತುಂಡೊಂದನ್ನು ಒಬ್ಬ ಹುಡುಗಿಯ ಮುಂದೆ ಹಿಡಿದರು. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿದಳು. ಅವಳನ್ನು ನೋಡಿ ಉಳಿದವರೂ ಕಟ್ಟಿದರು.

“ನೀವೇ ಮಾಡಿದ ಆಟಿಕೆ ಇದ್ದರೆ ತೋರಿಸಿ. ನಾವು ಮುಖ್ಯ ನೋಡೋದು ಅದನ್ನೇ,” ಅಂದರು ಮೇಡಂ.

ಅಕ್ಕೋರು ಒಲೆಯ ಕಡೆ ನೋಡಿದರು.

ಆಮೇಲೆ ಬಸವಕಲ್ಯಾಣದ ತರಬೇತಿ ಸಭೆಯಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿದರು, ಹೀಗೆ ನಡೆಸಬಾರದು ಎಂಬುದಕ್ಕೆ ಉದಾಹರಣೆಯಾಗಿ. “ಅಕ್ಕೋರೆ, ನೀವೂ ಕೈ ಹಿಂದ ಕಟ್ರಿ!” ಅಂತ ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ.

“ಇಂಥ ಬುದ್ಧಿ ಯಾರು ಕೊಟ್ಟರು?” ಮೇಡಂ ಕೇಳಿದರು.

ಬಾಗಿಲ ಬಳಿ ಆಟಿಕೆ ಹರಡಿಕೊಂಡು ಕೂತಿದ್ದ ನನ್ನನ್ನು ಅಕ್ಕೋರು ಒಮ್ಮೆ ನೋಡಿದರು. “ಯಾರೂ ಇಲ್ರಿ. ನನ್ನ ತಲೀದೇ.”

ಅವತ್ತು ನನಗೆ ಒಳ್ಳೆಯ ಆರ್ಡರು ಸಿಕ್ಕಿತು.

ಅಡುಗೆ ಕೋಣೆ ಬೇರೆ ಊರಿಗೆ ಹೋಯಿತು. ಮಳೆಗಾಲ ಮುಗಿಯುವುದರೊಳಗೆ ಬೇಳೆಯ ಪಾತ್ರೆ ಉರುಳಿತು. ಕಾಲು ಸುಟ್ಟದ್ದು ಅದೇ ಹುಡುಗಿಯದು. ಅವಳ ಮನೆಯವರು ಬಾಗಿಲಿಗೆ ಬಂದು ಬಾಯಿಗೆ ಬಂದದ್ದು ಬೈದರಂತೆ. ಅಕ್ಕೋರು ಕೆಲಸ ಬಿಟ್ಟು ಹುಮನಾಬಾದಿನ ತಂಗಿಯ ಮನೆ ಸೇರಿದರು. ನನ್ನ ಅಂಗಡಿಯಿಂದ ಅಲ್ಲಿಗೆ ಆಟೋದಲ್ಲಿ ಹತ್ತು ನಿಮಿಷ. ಒಂದು ದಿನವೂ ಹೋಗಲಿಲ್ಲ... ಹೋದ ವರ್ಷ ತೀರಿಕೊಂಡರೆಂದು ಸುದ್ದಿ ಬಂದಾಗ ಎದುರಿಗೆ ಗಿರಾಕಿ ಇದ್ದ. ನಾನು ಚೌಕಾಸಿ ನಿಲ್ಲಿಸಲಿಲ್ಲ.

ಈಗ ಅಂಗನವಾಡಿಯವರು ಯಾರೇ ಬರಲಿ, ಕವರು ಇಲ್ಲೇ ಹರಿದುಹಾಕಿ ಒಯ್ಯಿರಿ ಅನ್ನುತ್ತೇನೆ. ಓದುವ ನಿಮಗೂ ಅದನ್ನೇ ಹೇಳುತ್ತೇನೆ. ಕೇಳಬೇಕಾಗಿದ್ದವರು ಮಾತ್ರ ಇಲ್ಲ.

ಗುಜರಿಯವನು ತಂದ ಪೆಟ್ಟಿಗೆಯ ಧೂಳು ಒರೆಸಿದೆ. ಹೊಸದರಂತೆಯೇ ಕಂಡಿತು. ಮುಂದಿನ ಸಾಲಿನಲ್ಲಿಟ್ಟೆ. ತಾಯಿಯ ಸೆರಗು ಹಿಡಿದು ಬಂದ ಪುಟ್ಟ ಹುಡುಗಿಯೊಬ್ಬಳು ಅದರತ್ತ ಕೈ ಚಾಚಿದಳು.

“ಏ, ಮುಟ್ಟಬ್ಯಾಡ!” ಅಂದೆ.

ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.