ಬಿಸಿಲು ಕಾಣದ ಹಲಸಿನ ಕಸಿ

ಸೇವಂತಿಯ ಮಂಡೆಕೋಲಿನ ತವರುಮನೆಯ ಹಲಸಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಅದರ ಕುಡಿ ತಂದು ಕಾಣಿಯೂರಿನ ನರ್ಸರಿಯ ಅಲಿ ಕುಂಞಿ ಕಟ್ಟಿದ ಕಸಿಗಳಲ್ಲಿ ಹಿಡಿದದ್ದು ಒಂದೇ ಒಂದು. ಅಪ್ಪನ ಮರದ ರುಚಿ ಇನ್ನು ಲೋಕದಲ್ಲಿ ಉಳಿದಿದ್ದರೆ ಇದರಲ್ಲೇ ಎಂದು ಐವರ್ನಾಡಿನ ಗಂಡನ ಮನೆಯಲ್ಲಿ ಅವಳು ಅದನ್ನು ಎಳೆಮಗುವಿನಂತೆ ಸಾಕಿದಳು. ಬಿಸಿಲು ತಾಗದಂತೆ ದನದ ಹಟ್ಟಿಯ ಮೂಲೆಯಲ್ಲಿಟ್ಟು, ಸುತ್ತ ಅಡಿಕೆ ಸೋಗೆ ಕಟ್ಟಿ, ದಿನಾ ಸಗಣಿ ನೀರು ಹೊಯ್ದಳು. ಮೀನು ತೊಳೆದ ನೀರನ್ನೂ ಬಿಡಲಿಲ್ಲ.

ಗಿಡ ಕಡ್ಡಿಯಂತೆ ಉದ್ದವಾಗಿ, ಎಲೆ ಬಿಳಿಚಿಕೊಂಡು ನಿಂತಿತು. ಸೇವಂತಿ ಇನ್ನಷ್ಟು ಗೊಬ್ಬರ ಸುರಿದಳು. ಎಲೆ ಉದುರತೊಡಗಿದಾಗ ಹೆದರಿ, ಗಿಡವನ್ನು ಎತ್ತಿಕೊಂಡು ಕಾಣಿಯೂರಿನ ಬಸ್ಸು ಹತ್ತಿದಳು.

ಅಲಿ ಕುಂಞಿ ಎಲೆ ಮುಟ್ಟಿ ನೋಡಿದರು. “ಎಂತ ಸೇವಂತಕ್ಕ, ಇದನ್ನು ಉಪವಾಸ ಹಾಕಿದ್ದೀರಲ್ಲ!”

“ಉಪವಾಸವಾ? ಗೊಬ್ಬರ ಎಷ್ಟು ಹಾಕಿದ್ದೇನೆ ಮಾರಾಯ್ರೆ!”

“ಗೊಬ್ಬರ ಅಂದ್ರೆ ಉಪ್ಪಿನ ಹಾಗೆ. ಬರೀ ಉಪ್ಪಲ್ಲಿ ಗಂಜಿ ಆಗ್ತದಾ? ಅಡಿಗೆ ಆಗುದು ಎಲೆಯಲ್ಲಿ. ಬೇರಿಂದ ನೀರು, ಗಾಳಿಯಿಂದ ಇಂಗಾಲದ ಡೈಆಕ್ಸೈಡ್. ಎರಡೂ ಸೇರಿ ಸಕ್ಕರೆ ಆಗ್ಬೇಕಾದ್ರೆ ಬಿಸಿಲು ಬೇಕು. ನೀವು ಒಲೆಯನ್ನೇ ಆರಿಸಿದ್ದೀರಿ.”

ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಎಂಬ ನಾಲಗೆ ಹೊರಳದ ಪದವನ್ನು ಸೇವಂತಿಯೂ ಬಾಯಿಪಾಠ ಮಾಡಿದವಳೇ. ಅಷ್ಟು ದಪ್ಪದ ಕಾಂಡ, ಅಷ್ಟು ಸಿಹಿಯ ತೊಳೆ, ಎಲ್ಲವೂ ಬಹುಪಾಲು ಗಾಳಿ ನೀರಿನಿಂದಲೇ ಕಟ್ಟಿದ್ದೆಂದು ಆಗ ತಲೆಗೆ ಹೋಗಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಯಾರ ತಲೆಯಲ್ಲಿ ಏನು ಉಳಿಯುತ್ತದೆ! ಅತಿ ಮುದ್ದಿನಿಂದಲೇ ಕೊಲ್ಲಲು ಹೊರಟಿದ್ದೆನಲ್ಲ ಎಂದು ಅವಳಿಗೆ ಈಗ ಹೊಳೆಯಿತು.

“ಒಮ್ಮೆಲೇ ಬಿಸಿಲಿಗೆ ಇಡ್ಬೇಡಿ, ಸುಟ್ಟು ಹೋಗ್ತದೆ. ನಿಧಾನಕ್ಕೆ ಅಭ್ಯಾಸ ಮಾಡಿಸಿ, ಮತ್ತೆ ಬಯಲಲ್ಲಿ ನೆಡಿ,” ಎಂದರು ಅಲಿ ಕುಂಞಿ.

ಬಯಲು ಎಲ್ಲಿಂದ ತರುವುದು? ಅವಳಿಗೆ ಇದ್ದ ಜಾಗವೆಲ್ಲ ರಬ್ಬರಿನ ನೆರಳು. ಇಲ್ಲಿ ಅಲಿ ಕುಂಞಿಯ ಗುಡ್ಡೆಯಲ್ಲಾದರೆ ಬೆಳಗಿನಿಂದ ಸಂಜೆವರೆಗೆ ಬಿಸಿಲು. ಸೇವಂತಿ ಗಿಡವನ್ನು ಅವರ ಮುಂದಕ್ಕೆ ಸರಿಸಿದಳು.

“ಇಲ್ಲೇ ನೆಡಿ.”

“ಮತ್ತೆ ಮರ ಯಾರದ್ದು?”

“ನಿಮ್ಮ ಜಾಗದಲ್ಲಿ ಇದ್ದದ್ದು ನಿಮ್ಮದೇ,” ಎಂದಳು. ತವರಿನದೆಂದು ಉಳಿದಿದ್ದ ಒಂದನ್ನೂ ತಾನೇ ಕೈಯಾರೆ ಬಿಟ್ಟುಕೊಟ್ಟಂತಾಯಿತು.

ಮರುವರ್ಷ ಹೋದಾಗ ಗಿಡ ಅವಳ ಎದೆಮಟ್ಟಕ್ಕೆ ಬಂದಿತ್ತು. ಎಲೆ ದಪ್ಪ, ಕಡು ಹಸಿರು.

“ನೋಡಿ ನಿಮ್ಮ ಗಿಡ,” ಎಂದರು ಅಲಿ ಕುಂಞಿ.

“ನನ್ನದಲ್ಲ, ನಿಮ್ಮದು,” ಸೇವಂತಿ ಎಲೆ ಸವರುತ್ತಾ ನಕ್ಕಳು. “ಹಣ್ಣಾದಾಗ ಹೇಳಿ ಕಳಿಸಿ ಮಾರಾಯ್ರೆ. ತವರಿಗೆ ಬಂದ ಹಾಗೆ ಬರ್ತೇನೆ.”