ಎರಡು ಪೆಟ್ಟಿಗೆ ಜೋಡಿಸಿ ತೋರಿಸಿದವರು

ಅವರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೀರು ಬಿದ್ದಿತ್ತು. ವರ್ಷಾನುಗಟ್ಟಲೆ ತಾಮ್ರದ ತಂತಿಯನ್ನು ಅದರ ಮೇಲೆ ಹಾಯಿಸಿ ಕಾಯಿಲ್ ಸುತ್ತಿದ್ದರಿಂದ ಸವೆದು ಆದ ಗೀರು. ಸೋಲ್ಡರಿಂಗಿನ ಮಸಿ ಅದರೊಳಗೆ ಸೇರಿಕೊಂಡು, ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತು.

ಅವರು ಬೇಲೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಅಟೆಂಡರ್. ಆ ಕಾಲೇಜು ಈಗ ಇಲ್ಲ. ಹುಡುಗರು ಅವರನ್ನು ‘ಲ್ಯಾಬ್ ಅಣ್ಣ’ ಎನ್ನುತ್ತಿದ್ದರು. ದಿನಾ ಮಾದಿಹಳ್ಳಿಯಿಂದ ಬಸ್ಸಿನಲ್ಲಿ ಬರುವರು. ಬಂದವರೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಪ್ರತಿ ಯಂತ್ರದ ಮೇಲೂ ಒಮ್ಮೆ ಕೈಯಾಡಿಸುವರು. ಕಾಯಿಲ್ ಸುತ್ತುವಾಗ ಜೋರಾಗಿ ಎಣಿಸುವರು. ನೂರು ಸುತ್ತು ಆದರೆ ಬಟ್ಟಲಿಗೆ ಒಂದು ಅವರೆಕಾಳು. ಎಣಿಕೆ ನಡೆಯುವಾಗ ಪ್ರಿನ್ಸಿಪಾಲರೇ ಕರೆದರೂ ಉತ್ತರವಿಲ್ಲ, ಎಡಗೈ ಮಾತ್ರ ಮೇಲೇಳುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯಿಂದ ನಾನು ಆ ಕಾಲೇಜಿಗೆ ಲೆಕ್ಚರರ್ ಆಗಿ ಸೇರಿದೆ. ಕೆಲಸದ ಜೊತೆಗೇ ಎಂ.ಟೆಕ್ ಓದುತ್ತಿದ್ದೆ. ಅದು ಮುಗಿಯದಿದ್ದರೆ ಕೆಲಸ ಕಾಯಂ ಇಲ್ಲ ಎಂದು ಸೇರಿದ ದಿನವೇ ಹೇಳಿಬಿಟ್ಟಿದ್ದರು. ನನ್ನ ಪ್ರಬಂಧದ ವಿಷಯ ಫಿಲ್ಟರ್. ಕಾಯಿಲ್ ಮತ್ತು ಕೆಪಾಸಿಟರ್ ಸೇರಿಸಿ ಮಾಡುವ ಪೆಟ್ಟಿಗೆ ಅದು. ಬೇಕಾದ ಸಿಗ್ನಲ್ಲನ್ನು ದಾಟಲು ಬಿಟ್ಟು ಬೇಡದ್ದನ್ನು ತಡೆಯುತ್ತದೆ. ಅದರ ಒಳಗಿನ ಒಂದೊಂದು ಭಾಗವನ್ನೂ ಕಂಪ್ಯೂಟರಿಗೆ ಹೇಳುತ್ತ ಕೂತರೆ ಲೆಕ್ಕ ಮುಗಿಯುವುದೇ ಇಲ್ಲ. ಆದ್ದರಿಂದ ಇಡೀ ಪೆಟ್ಟಿಗೆಯ ನಡವಳಿಕೆಯನ್ನು ಒಂದು ಸಮೀಕರಣದಲ್ಲಿ ಹಿಡಿದು, ಅದನ್ನೇ ಕಂಪ್ಯೂಟರಿನಲ್ಲಿ ಓಡಿಸುವುದು ನನ್ನ ಕೆಲಸ. ಲ್ಯಾಬ್ ಅಣ್ಣನಿಗೆ ಕಂಪ್ಯೂಟರ್ ಎಂದರೆ ಟೀವಿ. ಇದನ್ನು ‘ಮೇಡಂ ಅವರ ಟೀವಿ ಫಿಲ್ಟರ್’ ಎಂದು ಕರೆದು, “ಏನ್ ಮೇಡಂ, ಟೀವಿಯೊಳಗಿಂದು ಬಿಸಿ ಆಯ್ತದಾ?” ಎಂದು ಛೇಡಿಸುತ್ತಿದ್ದರು. ಓದಿಕೊಂಡವಳೆಂಬ ಜಂಬ ನನಗೆ, ನಗುತ್ತಿರಲಿಲ್ಲ.

ಅವರು ಸುತ್ತಿಕೊಟ್ಟ ಕಾಯಿಲ್‌ಗಳಿಂದ ಎರಡು ಫಿಲ್ಟರ್ ಕಟ್ಟಿದೆ. ಒಂದೊಂದನ್ನೇ ಅಳೆದು ಒಂದೊಂದು ಸಮೀಕರಣ ಬರೆದೆ. ಗ್ರಾಫಿನಲ್ಲಿ ಕಂಪ್ಯೂಟರಿನ ಗೆರೆಯೂ ಅಳತೆಯ ಗೆರೆಯೂ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತವು. ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದೆ ನೋಡಿ, ಕಂಪ್ಯೂಟರ್ ಏರಿಗೆ ಎಳೆದರೆ ಪೆಟ್ಟಿಗೆ ನೀರಿಗೆ ಎಳೆಯಿತು. ಕಾಯಿಲ್ ಸರಿಯಿಲ್ಲ ಎಂದೆ. ಅವರು ಬಿಚ್ಚಿ ಮತ್ತೆ ಸುತ್ತಿದರು. ಮತ್ತೆ ಅದೇ ಕಥೆ. ಪ್ರಬಂಧ ಒಪ್ಪಿಸಲು ಒಂದೂವರೆ ತಿಂಗಳಿತ್ತು. ಹೆದರಿಕೆಗೆ ಬುದ್ಧಿ ಕೆಟ್ಟು, ಅಟೆಂಡರ್ ಬೇಜವಾಬ್ದಾರಿಯಿಂದ ಕಾಯಿಲ್ ಸುತ್ತುತ್ತಾರೆಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ. ಪ್ರಿನ್ಸಿಪಾಲರು ಅವರನ್ನು ಕರೆಸಿ, ಸೋಮವಾರದಿಂದ ಲ್ಯಾಬ್ ಬೇಡ, ಗೇಟಿನ ಹತ್ತಿರ ಕೂತುಕೊಳ್ಳಿ ಎಂದರಂತೆ.

ಮಧ್ಯಾಹ್ನ ಅವರೇ ನನ್ನ ಮೇಜಿನ ಬಳಿ ಬಂದರು. ಜಗಳಕ್ಕೆ ಬಂದರೆಂದುಕೊಂಡೆ.

“ಬರ್ಕೊಟ್ರಂತೆ ಮೇಡಂ. ಬರ್ಕೊಡಿ, ದೊಡ್ಡೋರು. ಬೈಯೋಕ್ ಮುಂಚೆ ಒಂದ್ಸಲ ಅಳತೆ ಮಾಡ್ಬೇಕಿತ್ತು, ಅಷ್ಟೇಯ. ಒಂದು ಗಳಿಗೆ ಬನ್ನಿ.”

ಲ್ಯಾಬಿನಲ್ಲಿ ಮೊದಲ ಪೆಟ್ಟಿಗೆಯ ತುದಿಗೆ, ಸಿಗ್ನಲ್ಲನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದರು. ಪರದೆಯ ಮೇಲೆ ಅಲೆ ನಾಲ್ಕು ಚೌಕ ಎತ್ತರ ನಿಂತಿತು. “ಈಗ ಇದುನ್ನ ಮುಟ್ಟಾಕಿಲ್ಲ, ನೋಡ್ತಿರಿ” ಎಂದು, ಅದೇ ತುದಿಗೆ ಎರಡನೆಯ ಪೆಟ್ಟಿಗೆಯನ್ನು ಸಿಕ್ಕಿಸಿದರು. ಅಲೆ ಕುಸಿದು ಎರಡೂವರೆ ಚೌಕಕ್ಕೆ ಬಂತು. ಬಿಚ್ಚಿದರು, ನಾಲ್ಕು. ಸಿಕ್ಕಿಸಿದರು, ಎರಡೂವರೆ.

“ಒಂಟಿ ಎತ್ತು ನಡೆಯೋದ ನೋಡಿ, ಇನ್ನೊಂದು ಒಂಟಿ ಎತ್ತು ನಡೆಯೋದ ನೋಡಿ, ಜೋಡಿ ಹಿಂಗೇ ನಡೀತದೆ ಅಂದ್ರೆ ಆಯ್ತದಾ ಕಣಮ್ಮ? ನೊಗ ಹಾಕಿದ್ ಮ್ಯಾಲೆ ಒಂದನ್ನ ಒಂದು ಎಳೀತದೆ. ನಿಮ್ ಟೀವಿಯೊಳಗಿನ ಎತ್ತು ಎಳಿಯೋದೇ ಇಲ್ಲ.”

ಎರಡನೆಯ ಪೆಟ್ಟಿಗೆ ಮೊದಲನೆಯದರಿಂದ ಕರೆಂಟು ಎಳೆಯುತ್ತದೆಂಬ ಮಾತು ನನ್ನ ಸಮೀಕರಣದಲ್ಲಿ ಇರಲೇ ಇಲ್ಲ. ತರಗತಿಯಲ್ಲಿ ಹುಡುಗರಿಗೆ ಪಾಠ ಮಾಡಿದ ವಿಷಯವೇ ಅದು! ಅಲ್ಲಿಂದ ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ ಕಾಗದ ವಾಪಸ್ ತೆಗೆದುಕೊಂಡೆ. ಗೇಟಿನ ಮಾತು ಅಲ್ಲಿಗೆ ನಿಂತಿತು. ಲ್ಯಾಬಿಗೆ ಮರಳಿ “ತಪ್ಪಾಯ್ತು ಅಣ್ಣ” ಎಂದೆ. “ಹಂಗಾರೆ ಒಂದು ಟೀ ಕುಡಿಸಿ, ತಲೆ ನೋಯ್ತಾ ಐತೆ” ಎಂದರು.

ಆಮೇಲೆ ಇಬ್ಬರೂ ಕೂತು ಮೊದಲಿಂದ ಅಳೆದೆವು. ಈ ಸಲ ಪೆಟ್ಟಿಗೆ ಏನು ಕೊಡುತ್ತದೆ ಎಂಬುದರ ಜೊತೆಗೆ ಎಷ್ಟು ಎಳೆಯುತ್ತದೆ ಎಂಬುದನ್ನೂ. ಕಾಲೇಜು ಬಿಟ್ಟ ಮೇಲೆ ಮಾದಿಹಳ್ಳಿ ಬಸ್ಸಿನ ಹೊತ್ತಿನವರೆಗೆ ಅವರು ಯಂತ್ರದ ಗುಂಡಿ ತಿರುಗಿಸಿ, ಅಲೆಯ ಎತ್ತರ ಓದಿ, ತಾವೇ ದುಂಡಗೆ ಬರೆದಿಡುವರು. ರೀಡಿಂಗ್ ಚೂರು ಅನುಮಾನವೆನಿಸಿದರೂ ಹೊಡೆದುಹಾಕಿ ಮತ್ತೆ ಅಳೆಯುವರು. “ಸಾಕು ಬಿಡಿ ಅಣ್ಣ” ಎಂದರೆ, “ನಾಳೆ ಯಾರೋ ಇದುನ್ನ ನಂಬ್ಕೊತಾರಲ್ಲ ಮೇಡಂ” ಎನ್ನುವರು. ಜೋಡಿಸಿದ ಪೆಟ್ಟಿಗೆಗಳ ಗೆರೆಯೂ ಕಂಪ್ಯೂಟರಿನ ಗೆರೆಯೂ ಒಂದರ ಮೇಲೊಂದು ಕೂತ ದಿನ ನಾನು ಅತ್ತೆ. ಅವರು ನೋಡದವರಂತೆ ಕಿಟಕಿ ಹಾಕಲು ಹೋದರು.

ಪ್ರಬಂಧ ಪಾಸಾಯಿತು, ಕೆಲಸ ಕಾಯಂ ಆಯಿತು. ಬೈಂಡ್ ಆದ ಪ್ರತಿಯನ್ನು ಅವರಿಗೂ ತೋರಿಸಿದೆ. ಕೈ ಒರೆಸಿಕೊಂಡು ಪುಟ ತಿರುವಿ, ಕೋಷ್ಟಕದ ಹತ್ತಿರ ನಿಂತರು. “ಇವು ನಮ್ ರೀಡಿಂಗು!” ಎಂದು ಆ ಪುಟದ ಜೆರಾಕ್ಸ್ ಕೇಳಿದರು. ಮಾಡಿಸಿಕೊಟ್ಟೆ. ಕೃತಜ್ಞತೆಯ ಪುಟದಲ್ಲಿ ಗೈಡ್ ಇದ್ದರು, ಪ್ರಿನ್ಸಿಪಾಲರಿದ್ದರು, ಅಪ್ಪ ಅಮ್ಮ ಇದ್ದರು, ದೇವರೂ ಇದ್ದ. ಇವರು ಇರಲಿಲ್ಲ. ಅಟೆಂಡರ್ ಹೆಸರು ಹಾಕುವ ರೂಢಿಯಿರಲಿಲ್ಲ ಎಂದು ಈಗ ಹೇಳಬಹುದು. ನಿಜವೆಂದರೆ, ನನಗೆ ಹೊಳೆಯಲೇ ಇಲ್ಲ.

ಇಂದು ನಾನು ಉಣ್ಣುವ ಅನ್ನದಲ್ಲಿ ಅವರ ಋಣವಿದೆ. ಅಳೆಯದೆ ಯಾರನ್ನೂ ದೂರಬಾರದು ಎಂಬುದನ್ನು ಕಲಿಸಿದವರು ಅವರು; ಕಲಿಸಿದೆ ಎಂದು ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ನಿವೃತ್ತರಾಗಿ ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಮಾದಿಹಳ್ಳಿಗೆ ಹೋದಾಗ ಅವರ ಹೆಂಡತಿ ನೀರು ಕೊಟ್ಟು, “ಅರಸೀಕೆರೆ ಮೇಡಂ ನೀವೇ ಅಲ್ವಾ?” ಎಂದು ಕೇಳಿದರು. ಒಳಗಿಂದ ರೇಷನ್ ಕಾರ್ಡಿನ ಚೀಲ ತಂದು, ಮಡಿಕೆ ಬಿದ್ದ ಒಂದು ಜೆರಾಕ್ಸ್ ಹಾಳೆ ಬಿಡಿಸಿದರು.

“ದೊಡ್ಡ ಪುಸ್ತಕದಾಗೆ ನಂದು ಬಂದೈತೆ ಅಂತ ಮನೆಗೆ ಬಂದೋರಿಗೆಲ್ಲ ತೋರ್ಸೋರು. ನಂಗೆ ಇಂಗ್ಲೀಷ್ ಬರಕಿಲ್ಲ ಕಣವ್ವ. ಇದ್ರಾಗೆ ಅವ್ರ ಹೆಸ್ರು ಎಲ್ಲೈತೆ, ತೋರ್ಸಿ.”

ಹಾಳೆಯ ತುಂಬ ಅಂಕಿಗಳಿದ್ದವು. “ಹಾಕಬೇಕಿತ್ತಮ್ಮ, ನಾನು ಹಾಕಲಿಲ್ಲ” ಎಂದೆ. ಬ್ಯಾಗಿನಿಂದ ಪೆನ್ನು ತೆಗೆದು ಕೋಷ್ಟಕದ ಕೆಳಗೆ ‘ಅಳೆದವರು’ ಎಂದು ಕನ್ನಡದಲ್ಲಿ ಬರೆದು, ಮುಂದೆ ಅವರ ಪೂರ್ತಿ ಹೆಸರು ಬರೆದು, ನನ್ನ ಸಹಿ ಹಾಕಿದೆ.

ಆಕೆ ಹಾಳೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಗಂಡನ ಹೆಸರನ್ನು ಗಟ್ಟಿಯಾಗಿ ಓದಿದರು.