ಅಣ್ಣನ ಇನ್‌ಲ್ಯಾಂಡ್, ಅಪ್ಪನ ಓದು

ಅಣ್ಣನ ಪತ್ರಗಳನ್ನು ಹನ್ನೆರಡು ವರ್ಷ ಜೋಪಾನ ಮಾಡಿದವಳು ನಾನು. ಓದಲು ಬಾರದೆ ಜೋಪಾನ ಮಾಡಿದೆ. ಎಂಥ ಹಣೆಬರಹ ನೋಡಿ!

ಎಪ್ಪತ್ತೊಂದರ ಯುದ್ಧದಲ್ಲಿ ಅಣ್ಣ ಗಡಿಯಲ್ಲಿದ್ದ. ಬಿಜಾಪುರದ ಕಡೆಯಿಂದ ಬಂದ ನಾವು ಡೊಂಬಿವಲಿಯ ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದೆವು. ನಾನು ಮರಾಠಿ ಶಾಲೆಯಲ್ಲಿ ಆರನೆಯ ಇಯತ್ತೆ. ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅವ್ವನಿಗೆ ಯಾವ ಅಕ್ಷರವೂ ಬಾರದು. ಅಣ್ಣನ ನೀಲಿ ಇನ್‌ಲ್ಯಾಂಡ್ ಪತ್ರ ಬಂದರೆ ಅಪ್ಪ ಫ್ಯಾಕ್ಟರಿಯಿಂದ ಬರುವ ತನಕ ದೇವರ ಮುಂದೆ ಇಡುತ್ತಿದ್ದೆವು. ಕೈಕಾಲು ತೊಳೆದು ಬಂದು ಅಪ್ಪ ಓದಿ ಹೇಳುತ್ತಿದ್ದ.

ಒಂದು ಸಂಜೆ ಓದಿದ: "ತಂಗೀದು ಸಾಲಿ ಸಾಕು, ಬಿಡಸ್ರಿ. ಅವ್ವ ಕೆಲಸಕ್ಕ ಹೋದ್ರ ತಮ್ಮನ್ನ ನೋಡ್ಕೊಳ್ಳಾಕ ಯಾರರ ಬೇಕಲ್ಲ."

ವರ್ಗದಲ್ಲಿ ಮೊದಲ ನಂಬರಿನವಳು ನಾನು. ಅತ್ತು ರಂಪ ಮಾಡಿದೆ.

"ಯುದ್ಧದಾಗ ನಿಂತಾಂವನ ಮಾತು ಮೀರ್ತೀಯೇನು?" ಎಂದ ಅಪ್ಪ.

ಮೀರುವುದುಂಟೆ? ಮರುದಿನದಿಂದ ಕೈಗೂಸು ತಮ್ಮ ನನ್ನ ಸೊಂಟಕ್ಕೆ ಬಂದ. ಕೆಲವೇ ವಾರಗಳಲ್ಲಿ ಅಣ್ಣ ಹೋದನೆಂಬ ತಾರು ಬಂತು. ಚಾಳಿಗೆ ಚಾಳೇ ಅತ್ತಿತು, ನಾನು ಅಳಲಿಲ್ಲ. ಶಾಲೆ ಬಿಡಿಸಿದವನಿಗೆ ನಾನೇಕೆ ಅಳಲಿ ಎಂದು ಹಲ್ಲು ಕಚ್ಚಿ ಕೂತಿದ್ದೆ.

ಸಾವಿನ ಸುದ್ದಿಯ ಕಾಗದ ಮನೆಯಲ್ಲಿ ಇಡಬಾರದೆಂದು ಅಪ್ಪ ತಾರನ್ನು ಹರಿದು ಹಾಕಿದ. ಅಣ್ಣನ ಪತ್ರಗಳನ್ನು ಅವ್ವ ಬೇವಿನ ಸೊಪ್ಪಿನ ಜತೆ ಬಿಸ್ಕಿಟ್ ಡಬ್ಬಿಗೆ ಹಾಕಿದಳು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವನ್ನು ಬಿಸಿಲಿಗೆ ಹರಡಿ, ಸೊಪ್ಪು ಬದಲಿಸುವುದು ನನ್ನ ಕೆಲಸ. ಮದುವೆಯಾಗಿ ಗಂಡನ ಊರು ಕಳವಾಕ್ಕೆ ಹೋಗುವಾಗ, ಇಲ್ಲಿ ಮಾಡಿನ ಪತ್ರೆ ಸೋರುತ್ತದೆಂದು ಅವ್ವ ಡಬ್ಬಿಯನ್ನು ನನಗೇ ಕೊಟ್ಟಳು. ಅಣ್ಣನ ಮೇಲೆ ಸಿಟ್ಟಿದ್ದರೂ ಒಂದು ಕಾಗದಕ್ಕೂ ಬೂಸ್ಟು ಹತ್ತಗೊಡಲಿಲ್ಲ.

ಕಳವಾದಲ್ಲಿ ಪಕ್ಕದ ಖೋಲಿಯ ಮಂಗಳೂರು ಕಡೆಯ ಹೆಂಗಸು ಕನ್ನಡ ವಾರಪತ್ರಿಕೆ ತರಿಸುತ್ತಿದ್ದಳು.

"ಮಾತಾಡ್ಲಿಕ್ಕೆ ಬರ್ತದಲ್ಲ, ಓದ್ಲಿಕ್ಕೆ ಎಂತ ಕಷ್ಟ ಮಾರಾಯ್ತಿ?" ಎಂದು ಅಕ್ಷರ ಕಲಿಸಿದಳು. ಆರು ತಿಂಗಳಲ್ಲಿ ಕೂಡಿಸಿ ಕೂಡಿಸಿ ಓದತೊಡಗಿದೆ. ಆ ವರ್ಷ ಬಿಸಿಲಿಗೆ ಹಾಕಿದಾಗ, ನನ್ನ ಶಾಲೆ ಬಿಡಿಸಿದ್ದ ಅಣ್ಣನ ಕೊನೆಯ ಪತ್ರ ಹಿಡಿದು ಕೂತೆ.

'ತಂಗಿಯ ಸಾಲಿ ಬಿಡಿಸಲು ನನ್ನ ಒಪ್ಪಿಗೆ ಇಲ್ಲ. ಮತ್ತೆ ಆ ಮಾತು ಕೇಳಬೇಡಿರಿ. ಅವಳು ಮ್ಯಾಟ್ರಿಕ್ ಆಗಲಿ. ರಜೆಗೆ ಬಂದಾಗ ಅವಳ ಪುಸ್ತಕ ನೋಡುತ್ತೇನೆ.'

ನಾನೇ ತಪ್ಪು ಓದಿದೆನೇನೋ ಎಂದು ಪಕ್ಕದವಳ ಕೈಗೆ ಕೊಟ್ಟೆ. ಅವಳೂ ಅದನ್ನೇ ಓದಿದಳು. ಅಯ್ಯೋ ಅಣ್ಣಾ, ನಿನ್ನನ್ನು ಎಷ್ಟು ಶಪಿಸಿದ್ದೆ! ಅವತ್ತು ಅವನಿಗಾಗಿ ಮೊದಲ ಸಲ ಅತ್ತೆ.

ಮರುದಿನವೇ ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಹೋದೆ. "ಅಪ್ಪಾ, ಇದೊಂದು ಓದಿ ಹೇಳು" ಎಂದು ಅದೇ ಪತ್ರ ಕೊಟ್ಟೆ. ಅಪ್ಪ ಕನ್ನಡಕ ಏರಿಸಿ, ಸ್ವಲ್ಪವೂ ತಡವರಿಸದೆ ಓದಿದ: "ತಂಗೀದು ಸಾಲಿ ಸಾಕು, ಬಿಡಸ್ರಿ..." ಹನ್ನೆರಡು ವರ್ಷವಾದರೂ ಸುಳ್ಳಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇಲ್ಲ!

"ಅಪ್ಪಾ, ನನಗೀಗ ಕನ್ನಡ ಓದಾಕ ಬರ್ತೈತಿ" ಎಂದೆ.

ಅಪ್ಪ ಕನ್ನಡಕ ತೆಗೆದ. ಪತ್ರ ಮಡಚಿ ನೆಲ ನೋಡುತ್ತ ಕೂತ. ನಾನು ಅವನನ್ನು ದುರುಗುಟ್ಟಿ ನೋಡಿದೆ. ಅವ್ವನಾದರೂ ನನ್ನ ಪರ ಎರಡು ಮಾತಾಡಲಿ ಎಂದು ಅವಳ ಕಡೆ ತಿರುಗಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಅವರನ್ನ ಹಂಗ್ಯಾಕ ನೋಡ್ತಿ?" ಎಂದಳು. "ಹಂಗ ಓದ್ರಿ ಅಂತ ನಾನ ಹೇಳಿದ್ದೆ."